ಮೀನಿಗಿಂತ ಮೊದಲು ಮರಳು

ನಮ್ಮ ಕಾಲೇಜಿನ ವಾಚನಾಲಯದ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿಯಿರುವುದು ಈ ಸಂಚಿಕೆಯ ವಾಚಕರಿಗೆಲ್ಲ ತಿಳಿದೇ ಇದೆ. ಎರಡು ವರ್ಷದ ಹಿಂದೆ ಪದವಿ ಮುಗಿಸಿ ಹೋದ ಮಿತ್ರರು ತಮ್ಮ ನೆನಪಿಗೆಂದು ಚಂದಾ ಕೂಡಿಸಿ ಕೊಟ್ಟ ತೊಟ್ಟಿ ಅದು. ಅದರಲ್ಲಿ ಈವರೆಗೆ ಮೂರು ಸಲ ಮೀನು ಬಿಟ್ಟಿದ್ದೇವೆ. ಮೂರು ಸಲವೂ ತಿಂಗಳು ತುಂಬುವುದರೊಳಗೆ ಅವು ಸತ್ತು ತೇಲಿದವು. ಮೂರನೆಯ ಸಲ ಸತ್ತ ಏಳು ಮೀನುಗಳನ್ನು ಅಟೆಂಡರಣ್ಣ ಹಳೆಯ ಪತ್ರಿಕೆಯಲ್ಲಿ ಸುತ್ತಿ ಹಿತ್ತಿಲ ತೆಂಗಿನ ಬುಡಕ್ಕೆ ಹಾಕಿ ಬಂದ ದಿನ, ಇನ್ನು ಇದರ ಸಹವಾಸವೇ ಬೇಡ, ತೊಟ್ಟಿಯನ್ನು ಗುಜರಿಗೆ ಕೊಟ್ಟು ಬಂದ ಹಣದಲ್ಲಿ ಎರಡು ಮಾಸಪತ್ರಿಕೆ ತರಿಸೋಣವೆಂಬ ಮಾತು ವಿದ್ಯಾರ್ಥಿ ಸಂಘದ ಸಭೆಯಲ್ಲಿ ಹುಟ್ಟಿತು. ಇನ್ನೊಂದು ಪಕ್ಷದವರು, ಸುಲಭವಾಗಿ ಸಾಯದಂಥ ಗಟ್ಟಿ ಜಾತಿಯ ಮೀನು ತರಿಸೋಣವೆಂದರು. ಎರಡು ಪಕ್ಷಕ್ಕೂ ಸೇರದ ಅಭಿಪ್ರಾಯವೊಂದು ನನ್ನದಿತ್ತು. ಆದರೆ ಸಭೆಯಲ್ಲಿ ಎದ್ದು ನಿಂತು ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಕಾರಣವನ್ನು ಇನ್ನೊಂದು ಗಳಿಗೆಯಲ್ಲಿ ತಿಳಿಸುತ್ತೇನೆ.

ಅಭಿಪ್ರಾಯ ಇಷ್ಟೇ. ತೊಟ್ಟಿಯ ತಳಕ್ಕೆ ಏನನ್ನು ಹಾಸಬೇಕು, ಅದರೊಳಗಿನ ನೀರು ಹೇಗೆ ಓಡಾಡಬೇಕು ಎಂಬ ಎರಡು ಮಾತುಗಳನ್ನು ಮೀನು ಕೊಳ್ಳುವ ಮೊದಲು ತೀರ್ಮಾನಿಸಬೇಕು. ನಾವು ಪಾಯ ತೋಡುವ ಮೊದಲೇ ಬಾಗಿಲಿಗೆ ಕೆತ್ತನೆ ಮಾಡಿಸಿದೆವು. ಮೊದಲು ಮೀನು ಬಂತು, ಆಮೇಲೆ ಮೀನಿನ ಬಣ್ಣಕ್ಕೆ ಒಪ್ಪುವ ಕಲ್ಲು ಬಂತು, ನೀರಿನ ಯೋಚನೆ ಯಾರಿಗೂ ಬರಲೇ ಇಲ್ಲ. ಇಂಥ ತೊಟ್ಟಿಯಲ್ಲಿ ಗಟ್ಟಿ ಜಾತಿಯ ಮೀನು ಬಿಟ್ಟರೆ ಸಾಯಲು ಎರಡು ವಾರ ಹೆಚ್ಚು ಹಿಡಿದೀತು, ಅಷ್ಟೆ.

ಈಗ ನನ್ನ ಬಾಯಿ ಕಟ್ಟಿದ ಕಾರಣ. ಸಂಜೆ ಐದೂವರೆಯಿಂದ ಒಂಬತ್ತರವರೆಗೆ ನಾನು ಪೇಟೆಯಲ್ಲಿ ಅಲಂಕಾರ ಮೀನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ವಾಚನಾಲಯದ ತೊಟ್ಟಿಗೆ ನೀಲಿ ಬಣ್ಣದ ಕಲ್ಲನ್ನೂ ಅದರ ನಡುವೆ ಬಿಳಿಯ ಅಮೃತಶಿಲೆಯ ಚೂರುಗಳನ್ನೂ ಆರಿಸಿ, ಬೆಲೆಯಲ್ಲಿ ರಿಯಾಯಿತಿ ಕೊಡಿಸಿ, ಹೆಗಲ ಮೇಲೆ ಹೊತ್ತು ತಂದವನು ನಾನೇ. ಅಂದು ನನಗೆ ಬಹಳ ಹೆಮ್ಮೆಯಾಗಿತ್ತು. ಅಂಗಡಿಗೆ ಬರುವ ಗಿರಾಕಿಗಳು ಮೊದಲು ನೋಡುವುದು ಮೀನನ್ನು, ಅನಂತರ ಬಣ್ಣವನ್ನು. ಮೀನು ಸತ್ತರೆ ಮರಳಿ ಬರುತ್ತಾರೆ. ಅಂಗಡಿ ನಡೆಯುವುದೇ ಹಾಗೆ. ಏಳನೆಯ ತರಗತಿಯ ಒಬ್ಬ ಹುಡುಗ ಒಂದೇ ತಿಂಗಳಲ್ಲಿ ನಾಲ್ಕು ಸಲ ಬಂದ. ಮೂರು ಸಲ ಮೀನು ಕೊಂಡ. ನಾಲ್ಕನೆಯ ಸಲ ಕೈಯಲ್ಲಿ ದುಡ್ಡಿತ್ತು, ಆದರೆ ಮೀನು ಕೇಳಲಿಲ್ಲ. “ಅಣ್ಣಾ, ನಾನೇನು ತಪ್ಪು ಮಾಡ್ತಿದೀನಿ?” ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಮಾರುವವನೇ ಅರಿಯದ ವಿದ್ಯೆಯನ್ನು ಕೊಳ್ಳುವ ಮಗು ಎಲ್ಲಿಂದ ತರಬೇಕು? ಅಂದಿನ ರಾತ್ರಿಯಿಂದ ಈ ವಿಷಯವನ್ನು ಓದತೊಡಗಿದೆ.

ನಾನು ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿ. ರಸಾಯನಶಾಸ್ತ್ರದ ಮಾತನ್ನು ನನಗೆ ತಿಳಿದಷ್ಟು ಸರಳವಾಗಿ ಹೇಳುತ್ತೇನೆ. ಬಲ್ಲವರು ತಿದ್ದಿದರೆ ಸಂತೋಷ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ನೀರಿಗೆ ಬಿಡುತ್ತಿರುತ್ತದೆ. ತಿನ್ನದೆ ಉಳಿದ ಆಹಾರ, ಮಲ, ಕೊಳೆತ ಎಲೆಗಳಿಂದಲೂ ಅಮೋನಿಯವೇ ಹುಟ್ಟುತ್ತದೆ. ಹೊಳೆಯಲ್ಲಾದರೆ ಅದು ಹರಿದು ಹೋದೀತು. ಗಾಜಿನ ತೊಟ್ಟಿಯಲ್ಲಿ ಮೀನು ತಾನು ಬಿಟ್ಟ ವಿಷದಲ್ಲಿ ತಾನೇ ಉಸಿರಾಡಬೇಕು. ಅದನ್ನು ಕಾಯುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಕೆಲವು ಅಮೋನಿಯವನ್ನು ನೈಟ್ರೈಟನ್ನಾಗಿ ಮಾಡುತ್ತವೆ. ಅದೂ ವಿಷವೇ. ಇನ್ನು ಕೆಲವು ಆ ನೈಟ್ರೈಟನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟನ್ನಾಗಿ ಮಾಡುತ್ತವೆ. ರಷ್ಯದ ವಿನೋಗ್ರಾಡ್‌ಸ್ಕಿ ಎಂಬ ವಿಜ್ಞಾನಿ 1890ರ ಸುಮಾರಿಗೆ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಎರಡು ಕೆಲಸವನ್ನೂ ಒಂದೇ ಜೀವಿ ಮಾಡಬಲ್ಲದೆಂಬುದು ಗೊತ್ತಾದದ್ದು ತೀರ ಈಚೆಗೆ, 2015ರಲ್ಲಿ. ಅಂಥ ಜೀವಿಗಳು ಸಿಕ್ಕ ಜಾಗಗಳಲ್ಲಿ ಮೀನು ಸಾಕುವ ತೊಟ್ಟಿಗಳ ಶೋಧಕವೂ ಒಂದು.

ಈ ಜೀವಿಗಳಿಗೆ ಬೇಕಾದವು ಎರಡೇ. ಅಂಟಿಕೊಂಡು ಬಾಳಲು ಜಾಗ, ಉಸಿರಾಡಲು ಆಮ್ಲಜನಕ. ಜಾಗವನ್ನು ಕೊಡುವುದು ತಳದ ಮರಳು ಮತ್ತು ಶೋಧಕದ ಸ್ಪಂಜು. ಆಮ್ಲಜನಕವನ್ನು ಹೊತ್ತು ತರುವುದು ಓಡಾಡುವ ನೀರು. ಆದುದರಿಂದಲೇ ತಳ ಬೇರೆ, ನೀರು ಬೇರೆ ಎಂದು ಯೋಚಿಸಲು ಬರುವುದಿಲ್ಲ. ಇವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಾವಾದರೋ ನೀರು ತುಂಬಿದ ಸಂಜೆಯೇ ಮೀನು ಬಿಟ್ಟು ಚಪ್ಪಾಳೆ ತಟ್ಟಿದೆವು.

ಇಂಗ್ಲೆಂಡಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಚಿನ್ನದ ಮೀನುಗಳನ್ನು ನೀರುಗಿಡದ ಜೊತೆಯಲ್ಲಿಟ್ಟು ನೋಡಿ 1850ರಲ್ಲಿ ಪ್ರಕಟಿಸಿದ ಬರೆಹದಲ್ಲೂ ಇದರದೇ ಸುಳಿವಿದೆ. ಗಿಡದ ಎಲೆ ಕೊಳೆತು ನೀರು ಕೆಡತೊಡಗಿತು. ಬಸವನಹುಳುಗಳನ್ನು ಬಿಟ್ಟ ಮೇಲೆ ನೀರು ತಿಳಿಯಾಯಿತು. ಅಂದರೆ ಮೀನು ಸಾಕುವ ವಿದ್ಯೆ ಹುಟ್ಟಿದಂದಿನಿಂದಲೂ ಪ್ರಶ್ನೆ ಮೀನಿನದಾಗಿರಲಿಲ್ಲ, ಕೊಳೆಯದಾಗಿತ್ತು.

ಮರಳಿನ ವಿಚಾರಕ್ಕೆ ಬರುತ್ತೇನೆ. ಇದಕ್ಕೆ ಉತ್ತರ ಪುಸ್ತಕದಲ್ಲಿ ಸಿಕ್ಕುವ ಮೊದಲು ಮನೆಯಲ್ಲಿಯೇ ಸಿಕ್ಕಿತು. ನಮ್ಮ ತಂದೆಯವರು ಗಾರೆ ಕೆಲಸದವರು. ಅವರಿಗೆ ಓದು ಬರುವುದಿಲ್ಲ. ಕಾಲೇಜಿನ ವಿಷಯವನ್ನು ಅವರ ಮುಂದೆ ಆಡುವ ರೂಢಿ ನನಗಿರಲಿಲ್ಲ. ಏನು ಆಡಿದರೂ “ಆಗ್ಲಿ ಬುಡು, ಓದ್ಕೋ” ಎನ್ನುತ್ತಾರೆ. ತೊಟ್ಟಿಯಿಂದ ತೆಗೆದ ಕಲ್ಲನ್ನು ಒಂದು ಬಕೀಟಿನಲ್ಲಿ ಮನೆಗೆ ತಂದಿಟ್ಟಿದ್ದೆ. ಅವರೇ ಒಂದು ಕಲ್ಲನ್ನು ಎತ್ತಿಕೊಂಡು ಉಗುರಿನಿಂದ ಕೆರೆದರು. ಉಗುರಿಗೆ ನೀಲಿ ಹತ್ತಿತು. “ಇದನ್ನ ಮೀನಿಗೆ ಕುಡುಸ್ತಿದ್ರಾ ಮಗಾ?” ಎಂದರು. ಅಮೃತಶಿಲೆಯ ಚೂರನ್ನು ನೋಡಿ, “ಇದು ಸುಣ್ಣದ ಜಾತಿ ಕಲ್ಲು, ನೀರಿಗೆ ಬಿದ್ರೆ ಸುಮ್ಕಿರಲ್ಲ” ಎಂದರು. ಅದನ್ನು ಕೆರೆದು, ಬಂದ ಪುಡಿಯ ಮೇಲೆ ಒಂದು ಹೋಳು ನಿಂಬೆಯನ್ನು ಹಿಂಡಿದಾಗ ಸಣ್ಣಗೆ ನೊರೆಯೆದ್ದಿತು. ಪುಸ್ತಕಗಳಲ್ಲಿಯೂ ಇದೇ ಪರೀಕ್ಷೆಯನ್ನು ಹೇಳಿದ್ದಾರೆ, ನಿಂಬೆಯ ಬದಲು ವಿನಿಗರ್ ಎಂದು.

ನೊರೆಯೇಳುವ ಕಲ್ಲು ಮೆದು ನೀರಿನಲ್ಲಿ ನಿಧಾನವಾಗಿ ಕರಗಿ ನೀರನ್ನು ಗಡುಸುಮಾಡುತ್ತದೆ, ಕ್ಷಾರದ ಕಡೆಗೆ ಎಳೆಯುತ್ತದೆ. ನೀರು ಕ್ಷಾರವಾದಷ್ಟೂ ಅಮೋನಿಯದ ವಿಷ ಹೆಚ್ಚುತ್ತದೆ. ಹಾಗೆಂದು ಅಂಥ ಕಲ್ಲು ಎಲ್ಲರಿಗೂ ಕೆಟ್ಟದ್ದಲ್ಲ. ಆಫ್ರಿಕದ ಮಲಾವಿ, ಟಾಂಗನೀಕ ಸರೋವರಗಳ ಮೀನುಗಳಿಗೆ ಗಡುಸು ನೀರೇ ಹಿತ; ಅವನ್ನು ಸಾಕುವವರು ಬೇಕೆಂದೇ ಸುಣ್ಣದ ಕಲ್ಲು ಹಾಕುತ್ತಾರೆ. ನಾನು ಕಲ್ಲನ್ನು ಆರಿಸಿದ್ದು ವಾಚನಾಲಯದ ಗೋಡೆಯ ಬಣ್ಣಕ್ಕೆ.

ಇನ್ನು ಕಾಳಿನ ಗಾತ್ರ. ಮರಳು ಚಿರೋಟಿ ರವೆಯಷ್ಟು ನುಣುಪಾದರೆ ಒತ್ತಾಗಿ ಕುಳಿತುಬಿಡುತ್ತದೆ. ಅದರ ಅಡಿಗೆ ನೀರು ಇಳಿಯುವುದಿಲ್ಲ. ಆಳದಲ್ಲಿ ಆಮ್ಲಜನಕ ತೀರಿ, ಮರಳು ಕಪ್ಪಾಗಿ, ಕೆದಕಿದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಕಡಲೆಕಾಳಿನಷ್ಟು ದಪ್ಪವಾದರೆ ಸಂದುಗಳಲ್ಲಿ ಆಹಾರ ಇಳಿದು, ಯಾವ ಮೀನಿನ ಬಾಯಿಗೂ ಸಿಗದೆ ಕೊಳೆಯುತ್ತದೆ. ಚಿನ್ನದ ಮೀನಿಗಂತೂ ತಳವನ್ನು ಬಾಯಿಗೆ ತುಂಬಿಕೊಂಡು ಉಗುಳುವ ಚಾಳಿಯುಂಟು. ಅದರ ಬಾಯಿಯಷ್ಟೇ ಗಾತ್ರದ ಕಲ್ಲು ಒಳಗೆ ಸಿಕ್ಕಿಕೊಂಡರೆ ಪಾಡು ಕೆಟ್ಟಿತು. ನಮ್ಮ ಏಳರಲ್ಲಿ ಒಂದು ಹೀಗೆಯೇ ಬಾಯಿ ತೆರೆದುಕೊಂಡು ಸತ್ತಿತ್ತು. ಆಗ ಅದಕ್ಕೆ ಹಸಿವೆಂದು ತಿಳಿದು ಇನ್ನಷ್ಟು ಆಹಾರ ಹಾಕಿದೆವು. ಮೀಸೆಯಿಂದ ತಳ ತಡವಿ ಮೇಯುವ ಮೀನುಗಳಿಗೆ ಒರಟು ಕಲ್ಲು ಆಗದು. ಎಂ-ಸ್ಯಾಂಡ್ ಕಟ್ಟಡಕ್ಕೆ ಒಳ್ಳೆಯದು; ಒಡೆದ ಬಂಡೆಯಾದುದರಿಂದ ಅದರ ಕಾಳಿಗೆ ಅಂಚುಗಳಿರುತ್ತವೆ, ಹೊಳೆಯ ಮರಳಿನ ಹಾಗೆ ದುಂಡಗಿರುವುದಿಲ್ಲ. ಸಮುದ್ರದ ಮರಳಿನಲ್ಲಿ ಉಪ್ಪು, ಕಪ್ಪೆಚಿಪ್ಪಿನ ಚೂರು. ಎಲ್ಲವನ್ನೂ ಕಳೆದರೆ ಉಳಿಯುವುದು ರಾಗಿಯಷ್ಟು ಅಥವಾ ಅದಕ್ಕಿಂತ ತುಸು ಸಣ್ಣ ಕಾಳಿನ, ಚೆನ್ನಾಗಿ ತೊಳೆದ ಹೊಳೆ ಮರಳು.

ತಂದೆಯವರು ಮರಳನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಾರೆ. ಅಂಗೈಗೆ ಮಣ್ಣು ಹತ್ತಿದರೆ ಅದು ಅವರ ಲೆಕ್ಕಕ್ಕೆ ಮರಳಲ್ಲ. ಗಾಜಿನ ಸೀಸೆಯಲ್ಲಿ ಮರಳೂ ನೀರೂ ಹಾಕಿ ಕುಲುಕಿ ಇಟ್ಟರೆ ಮರಳು ಮೊದಲು ಕೂರುತ್ತದೆ, ಮೇಲೆ ಜೇಡಿಯ ಪದರ ನಿಲ್ಲುತ್ತದೆ. ಆ ಪದರ ಕಾಣದಂತಾಗುವವರೆಗೆ ತೊಳೆ ಎಂದರು. ನಮ್ಮ ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಎರಡಂಗುಲ ಹಾಸಲು ಸುಮಾರು ಹದಿನೈದು ಕಿಲೋ ಮರಳು ಬೇಕು. ಅಷ್ಟನ್ನು ತೊಳೆಯಲು ನನಗೆ ಒಂದು ಭಾನುವಾರ ಹಿಡಿಯಿತು. ಹನ್ನೊಂದನೆಯ ಸಲವೂ ನೀರು ಅಕ್ಕಿ ತೊಳೆದ ಕಲಗಚ್ಚಿನ ಹಾಗೆಯೇ ಇತ್ತು. ಸಾಕೆಂದು ಎದ್ದವನನ್ನು ಅವರು ಮತ್ತೆ ಕೂರಿಸಿದರು. ಅವರು ಮಾತಾಡಿದ್ದು ಕಡಿಮೆ. ಆದರೆ ನನ್ನ ಓದಿನ ವಿಷಯವೊಂದರಲ್ಲಿ ಅವರು ಹೇಳಿ ನಾನು ಕೇಳಿದ್ದು ಅದೇ ಮೊದಲು.

ಹೊಳೆಯ ಮರಳೆಂದೊಡನೆ ಕೆಲವು ಮಿತ್ರರು ಹುಬ್ಬೇರಿಸಿದರು. ಅವರ ಮಾತಿನಲ್ಲಿ ನ್ಯಾಯವಿದೆ. ನಮ್ಮ ಹೊಳೆಗಳನ್ನು ಬಂಡೆ ಕಾಣುವವರೆಗೆ ಬಗೆದು ಸಾಗಿಸಿದ್ದಾರೆ. ಮರಳಿನಲ್ಲಿ ಮೊಟ್ಟೆಯಿಡುವ ಮೀನಿನ ಮನೆಯನ್ನು ಕಿತ್ತು, ಗಾಜಿನೊಳಗಿನ ಮೀನಿಗೆ ಹಾಸಿದೆನೆಂದರೆ ಅದು ಪುಣ್ಯದ ಕೆಲಸವಲ್ಲ. ನಾನು ಹೊಳೆಗೆ ಹೋಗಲಿಲ್ಲ. ಹಳೆಯ ಮನೆಯೊಂದರ ಕೆಲಸ ಮುಗಿದ ಮೇಲೆ ಮೂಲೆಯಲ್ಲಿ ಉಳಿದಿದ್ದ ಮರಳನ್ನು ಮನೆಯವರನ್ನು ಕೇಳಿ, ಜರಡಿ ಹಿಡಿದು ತಂದದ್ದು. ಮರಳು ಹಳತಾಗುವುದಿಲ್ಲ. ತೊಳೆದು ತೊಳೆದು ಇಪ್ಪತ್ತು ವರ್ಷ ಬಳಸಬಹುದು. ಬಣ್ಣದ ಕಲ್ಲು ಎರಡು ವರ್ಷಕ್ಕೇ ಬಿಳಿಚಿಕೊಂಡಿತು.

ತಳಕ್ಕೆ ಏನೂ ಹಾಸದೆ ಬರಿಯ ಗಾಜನ್ನೇ ಬಿಡುವವರೂ ಉಂಟು. ಮರಿ ಮಾಡಿಸಿ ಮಾರುವವರಿಗೆ ಅದು ಸರಿ. ಕೊಳೆಯನ್ನು ದಿನವೂ ಕೊಳವೆಯಿಂದ ಎಳೆದು ತೆಗೆಯುವ ಶ್ರದ್ಧೆ ಅವರಿಗಿರುತ್ತದೆ. ವಾಚನಾಲಯದಲ್ಲಿ ದಿನವೂ ಯಾರು ಎಳೆಯುತ್ತಾರೆ? ಪರೀಕ್ಷೆಯ ತಿಂಗಳಿನಲ್ಲಿ ನಾವು ನಮ್ಮ ತಲೆಗೂದಲನ್ನೇ ಬಾಚುವುದಿಲ್ಲ.

ನೀರಿನ ಓಡಾಟದಲ್ಲಿ ನಾವು ಮಾಡಿದ ತಪ್ಪು ಇನ್ನೂ ದೊಡ್ಡದು. ಗುಳ್ಳೆಗಳು ಮೇಲೇರುವುದನ್ನು ನೋಡಿ, ಗಾಳಿ ಗುಳ್ಳೆಯಿಂದಲೇ ನೀರಿಗೆ ಇಳಿಯುತ್ತದೆಂದು ಎಲ್ಲರೂ ತಿಳಿಯುತ್ತಾರೆ. ಇಳಿಯುವುದು ಹೆಚ್ಚಾಗಿ ನೀರಿನ ಮೇಲ್ಮೈಯಿಂದ. ಗುಳ್ಳೆಗಳು ನೀರನ್ನು ಕಲಕಿ, ಅಡಿಯ ನೀರನ್ನು ಮೇಲಕ್ಕೂ ಮೇಲಿನದನ್ನು ಅಡಿಗೂ ಸಾಗಿಸುವುದರಿಂದಲೇ ಅವುಗಳ ಉಪಯೋಗ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಏಪ್ರಿಲಿನ ಮಧ್ಯಾಹ್ನ ವಾಚನಾಲಯದಲ್ಲಿ ಕುಳಿತವರಿಗೆ, ಮೀನು ಮೇಲೆ ಬಂದು ಬಾಯಿ ಬಡಿಯುವುದೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ತೊಟ್ಟಿ ಹಿಡಿಯುವ ನೀರು ಹೆಚ್ಚೆಂದರೆ 56 ಲೀಟರು. ಅದಕ್ಕೆ ಹಾಕಿದ್ದು ಗಂಟೆಗೆ 1000 ಲೀಟರು ನೂಕುವ ಮೋಟಾರು. ತೊಟ್ಟಿಯ ನೀರೆಲ್ಲ ಗಂಟೆಗೆ ನಾಲ್ಕೈದು ಸಲ ಶೋಧಕದ ಮೂಲಕ ಹಾದುಬಂದರೆ ಸಾಕೆಂಬುದು ವಾಡಿಕೆಯ ಲೆಕ್ಕ. ನಮ್ಮದು ಹದಿನೇಳು ಹದಿನೆಂಟು ಸಲ ಸುತ್ತುತ್ತಿತ್ತು. ದುಂಡು ಮೈಯ, ಜೋಡಿ ಬಾಲದ ಚಿನ್ನದ ಮೀನು ಈಜುವುದರಲ್ಲಿ ಮೊದಲೇ ಮಂದ. ಅವು ದಿನವೆಲ್ಲ ಒಂದು ಮೂಲೆಯಲ್ಲಿ ಗಾಜಿಗೆ ಒತ್ತಿಕೊಂಡು ನಿಂತಿರುತ್ತಿದ್ದವು. ಅವಕ್ಕೆ ಆ ಮೂಲೆ ಇಷ್ಟವೆಂದು ನಾವು ನಕ್ಕದ್ದೂ ಉಂಟು. ಇಷ್ಟಾದರೂ ಹಗಲಿನ ಮಾತಾಯಿತು. ಸಂಜೆ ಐದಕ್ಕೆ ವಾಚನಾಲಯ ಮುಚ್ಚುವಾಗ ಮೇನ್ ಆರಿಸಿ ಬೀಗ ಹಾಕುವುದು ನಿಯಮ. ಆ ನಿಯಮದಲ್ಲಿ ತಪ್ಪಿಲ್ಲ. ಸಾವಿರಾರು ಪುಸ್ತಕಗಳಿರುವ ಕಡೆ ಇರಲೇಬೇಕಾದುದು. ಆದರೆ ಹಗಲು ಪ್ರವಾಹದಲ್ಲಿ ಸಿಕ್ಕಿದ್ದ ಮೀನು ರಾತ್ರಿಯೆಲ್ಲ ನಿಂತ ನೀರಿನಲ್ಲಿ ಕಳೆಯುತ್ತಿತ್ತು. ಮುಚ್ಚಿದ ಶೋಧಕದ ಪೆಟ್ಟಿಗೆಯೊಳಗೆ ಹೊಸ ನೀರು ಬರದೆ, ಆಮ್ಲಜನಕವಿಲ್ಲದೆ, ನಾನು ಮೇಲೆ ಹೇಳಿದ ಸೂಕ್ಷ್ಮಜೀವಿಗಳು ದಿನವೂ ಉಸಿರುಕಟ್ಟಿ ಸಾಯುತ್ತಿದ್ದವು. ಎರಡು ವರ್ಷದಲ್ಲಿ ಯಾರಿಗೂ, ಮುಖ್ಯವಾಗಿ ನನಗೆ, ಇದು ಹೊಳೆಯಲಿಲ್ಲ.

ಆದುದರಿಂದ ದೊಡ್ಡ ಮೋಟಾರಿಗಿಂತ, ನಿಲ್ಲದೆ ನಡೆಯುವ ಸಣ್ಣ ಗಾಳಿಪಂಪು ಮೇಲೆಂಬುದು ನನ್ನ ವಾದ. ಅದರ ಕೊಳವೆಯನ್ನು ಸ್ಪಂಜಿನ ಶೋಧಕಕ್ಕೆ ಸೇರಿಸಿದರೆ, ನಳಿಗೆಯಲ್ಲಿ ಏರುವ ಗುಳ್ಳೆಗಳು ನೀರನ್ನೂ ಜೊತೆಗೆ ಎತ್ತುತ್ತವೆ. ಆ ಜಾಗ ತುಂಬಲು ಬೇರೆ ನೀರು ಸ್ಪಂಜಿನ ಮೂಲಕ ನುಗ್ಗುತ್ತದೆ. ಮೂರು ವಾಟಿನ ಪಂಪು ಹಗಲಿರುಳು ನಡೆದರೂ ತಿಂಗಳಿಗೆ ಎರಡು ಯೂನಿಟ್ಟಿಗಿಂತ ತುಸು ಮೇಲೆ, ಅಷ್ಟೇ ಖರ್ಚು. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕೊಳವೆಯ ನಡುವೆ ಹಿಮ್ಮುಖ ತಡೆಯುವ ಕವಾಟವೊಂದನ್ನು ಹಾಕಲೇಬೇಕು. ಇಲ್ಲವಾದರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪನ್ನೂ ನೆಲವನ್ನೂ ತೋಯಿಸುತ್ತದೆ. ಕರೆಂಟು ಹೆಚ್ಚು ಹೊತ್ತು ಬಾರದಿದ್ದರೆ ಒಂದು ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಎತ್ತರದಿಂದ ಸುರಿದರಾಯಿತು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಬಾರದು. ಕ್ಲೋರಿನ್ನಿಗೆ ಒಳ್ಳೆಯ ಜೀವಿಯೂ ಕೆಟ್ಟ ಜೀವಿಯೂ ಒಂದೇ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಬೇಕು.

ಎಷ್ಟು ಪ್ರವಾಹ ಬೇಕೆಂಬುದನ್ನು ಮೀನನ್ನೇ ಕೇಳಬೇಕು. ಶೃಂಗೇರಿಯ ತುಂಗೆಯಲ್ಲಿ ಮೆಟ್ಟಿಲ ಬಳಿಯ ಮೀನುಗಳನ್ನು ನೋಡದವರು ನಮ್ಮಲ್ಲಿ ವಿರಳ. ಅವು ಹರಿವಿಗೆ ಮುಖಕೊಟ್ಟು ನಿಲ್ಲುತ್ತವೆ. ನಮ್ಮೂರ ಕೆರೆಯ ಕೊರವ ಮೀನು ಕೆಸರು ನೀರಿನಲ್ಲಿ ಬಾಳುತ್ತದೆ, ಆಗಾಗ ಮೇಲೆ ಬಂದು ಗಾಳಿಯನ್ನೇ ನುಂಗುತ್ತದೆ. ಇಬ್ಬರಿಗೂ ಒಂದೇ ಮೋಟಾರು ಹಾಕುವುದು ಯಾವ ನ್ಯಾಯ?

ವಾಚನಾಲಯದ ತೊಟ್ಟಿಗೆ ಚಿನ್ನದ ಮೀನು ಬೇಡ. 56 ಲೀಟರು ಅವಕ್ಕೆ ಸಾಲದು. ಜೀಬ್ರಾ ಡೇನಿಯೊ ಎಂಬ ಪಟ್ಟೆಯ ಸಣ್ಣ ಮೀನು ಆರು ಸಾಕು. ಅದು ನಮ್ಮ ದೇಶದ ಹೊಳೆ, ಗದ್ದೆಗಾಲುವೆಗಳದೇ ಮೀನು, ಸಾಧಾರಣ ಹರಿವಿಗೆ ಒಗ್ಗಿದ್ದು. ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಸಾಕುತ್ತಾರೆ. 1822ರಲ್ಲಿ ಗಂಗಾನದಿಯ ಮೀನುಗಳ ಪುಸ್ತಕದಲ್ಲಿ ಅದನ್ನು ಮೊದಲು ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರೆ ಯಾರೂ ಅಲ್ಲ, ಟಿಪ್ಪುವಿನ ಪತನದ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿ ಬರೆದ ಬುಕಾನನ್. ಇತಿಹಾಸದ ಪತ್ರಿಕೆಗೆ ಅವನನ್ನು ಉರುಹೊಡೆದ ಮಿತ್ರರಿಗೆ ಇದು ಮೆಚ್ಚುಗೆಯಾದೀತು.

ಸಭೆಯಲ್ಲಿ ಹೇಳಲಾಗದ್ದನ್ನು ಪ್ರಾಂಶುಪಾಲರಿಗೆ ಅರ್ಜಿಯಾಗಿ ಬರೆದುಕೊಟ್ಟೆ. ಕಲ್ಲು ತಂದವನು ನಾನೇ ಎಂಬುದನ್ನೂ ಅದರಲ್ಲಿ ಬರೆದೆ. ಅವರು ಪ್ರತ್ಯೇಕ ಪ್ಲಗ್ಗೊಂದಕ್ಕೆ ಅಪ್ಪಣೆ ಕೊಟ್ಟರು. ಅವರಿಗೆ ನಾನು ಋಣಿ. ಅಂಗಡಿಯಲ್ಲಿ ಆ ಹುಡುಗನ ಕಲ್ಲನ್ನು ಹಿಂದಕ್ಕೆ ಪಡೆಯಲು ಮಾಲೀಕರು ಒಪ್ಪಲಿಲ್ಲ. ತೊಳೆದ ಮರಳಿನಲ್ಲಿ ಉಳಿದಿದ್ದ ಒಂದು ಬಕೀಟನ್ನು ಅವನಿಗೆ ಕೊಟ್ಟಿದ್ದೇನೆ. ಆರು ವಾರ ಮೀನು ಕೊಳ್ಳಬೇಡವೆಂದೂ ಹೇಳಿದ್ದೇನೆ. ಹಾಗೆ ಹೇಳಿದ್ದು ಮಾಲೀಕರ ಕಿವಿಗೆ ಬಿದ್ದರೆ ನನ್ನ ಸಂಜೆಗಳೆಲ್ಲ ಬಿಡುವಾಗುವ ಸಂಭವವಿದೆ.

ಈಗ ತೊಟ್ಟಿಯಲ್ಲಿ ಎರಡಂಗುಲ ಮರಳಿದೆ, ನಾಲ್ಕು ನೀರುಗಿಡಗಳಿವೆ, ಸ್ಪಂಜಿದೆ, ಗುಳ್ಳೆಗಳಿವೆ. ಮೀನಿಲ್ಲ. ಸೂಕ್ಷ್ಮಜೀವಿಗಳಿಗೆ ಅಮೋನಿಯ ಸಿಗಲೆಂದು ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಬರಿಯ ನೀರಿಗೆ ಹಾಕುತ್ತೇನೆ. ನೋಡಿದವರು ನನಗೆ ನೀರಿಗೆ ಊಟ ಹಾಕುವವನೆಂದು ಹೆಸರಿಟ್ಟಿದ್ದಾರೆ. “ಮೀನೆಲ್ಲಪ್ಪಾ?” ಎಂದು ಅಟೆಂಡರಣ್ಣ ದಿನವೂ ಕೇಳುತ್ತಾರೆ. ವಾರಕ್ಕೊಮ್ಮೆ ಒಂದು ನಳಿಗೆ ನೀರಿಗೆ ಪರೀಕ್ಷೆಯ ಹನಿಗಳನ್ನು ಹಾಕಿ ನೋಡುತ್ತೇವೆ. ಅಮೋನಿಯವಿದ್ದರೆ ಹಸುರು, ಇಲ್ಲದಿದ್ದರೆ ಹಳದಿ. ಇದು ಐದನೆಯ ವಾರ. ನಿನ್ನೆ ಅವರೂ ಬಂದು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಇನ್ನೂ ತುಸು ಹಸುರಾಗಿಯೇ ಇತ್ತು.